ಬಾಯಿ ಮುಚ್ಚಿ, ನೇರ ನೋಡಿ

ದಿನಕ್ಕೆ ಮೂವತ್ತು ಸಲ ಹೇಳುತ್ತೇನೆ ಈ ಮಾತು,
ಕಾರವಾರದ ಗ್ರೀನ್ ಸ್ಟ್ರೀಟಿನ ಸ್ಟುಡಿಯೊದಲ್ಲಿ
ಬಿಳಿ ಪರದೆಯ ಮುಂದೆ ಕೂತ ಮುಖಗಳಿಗೆ.
ಕುವೈತಿಗೆ ಹೊರಟ ಡ್ರೈವರ್, ಹಡಗಿನ ಅಡುಗೆಯವ,
ಕೈಗಾದ ಗೇಟ್‌ಪಾಸಿಗೆ ಬಂದ ಗುತ್ತಿಗೆಯವ,
ಎಲ್ಲರೂ ತುಟಿ ಬಿಗಿಯುತ್ತಾರೆ.
ಪಾಸ್‌ಪೋರ್ಟಿಗೆ ನಗು ನಿಷಿದ್ಧ.
ನನಗೆ ಯಾರೂ ಹೇಳಬೇಕಾಗಿಲ್ಲ,
ಹನ್ನೆರಡನೇ ವಯಸ್ಸಿನಿಂದ ನಾನು
ಪಾಸ್‌ಪೋರ್ಟಿನ ಮುಖದವಳು.

ಏಳನೇ ಕ್ಲಾಸಿನ ಗ್ರೂಪ್ ಫೋಟೊದಲ್ಲಿ ನಕ್ಕಿದ್ದೆ.
ನಿರ್ಮಿತಾ ರಾಯ್ಕರ ಅದರ ಮೇಲೆ ಬೆರಳಿಟ್ಟು ಕೇಳಿದಳು:
‘ನೇರಳೆ ಹಣ್ಣು ತಿಂದು ಬಂದಿದ್ಯನೇ?’
ಆಗ ಮಾರ್ಚ್ ತಿಂಗಳು.
ನೇರಳೆ ಮರದಲ್ಲಿ ಇನ್ನೂ ಹೂವು.

ಆಮೇಲೆ ನನ್ನ ಅಂಗೈಯೇ ನನ್ನ ಬಾಯಿಗೆ ಕದ.
ಮದುವೆ ಆಲ್ಬಮ್ಮುಗಳಲ್ಲಿ ಎಷ್ಟು ಜನರ ವಸಡು
ಅವರು ಕೇಳದೆಯೇ ತಿದ್ದಿದ್ದೇನೆ,
ಮೌಸಿನ ಎರಡು ಉಜ್ಜಿಗೆ ಗುಲಾಬಿ.

ಕೋಡಿಬಾಗದ ದಂತವೈದ್ಯೆ ಸುಲಕ್ಷಾ ಕೊಠಾರಕರ
ತುಟಿ ಮಗುಚಿ, ಕೈಗೆ ಕನ್ನಡಿ ಕೊಟ್ಟು ಹೇಳಿದರು:
‘ರೋಗವಲ್ಲ ಇದು, ಬರೀ ಬಣ್ಣ.
ಬೇಡವಾದರೆ ತಿಳಿಯಾಗಿಸೋಣ.
ಬೇಕಾದರೆ ಇರಲಿ.’
ಬೇಕೋ ಬೇಡವೋ ಎಂದು ನನ್ನನ್ನು ಯಾರೂ
ಹೀಗೆ ಹಲ್ಲಿನ ಬುಡಕ್ಕೆ ದೀಪ ಹಿಡಿದು ಕೇಳಿರಲಿಲ್ಲ.
ಬೇಡ ಅಂದೆ.
ಕತ್ತಿ ಎಂದರೆ ಹೆದರಿಕೆ, ಲೇಸರ್ ಎಂದರೆ ಎರಡು ತಿಂಗಳ ಸಂಬಳ,
ಉಳಿದದ್ದು ವಿಟಮಿನ್ ಸಿ. ಸಣ್ಣ ಸೂಜಿ, ವಾರಕ್ಕೊಮ್ಮೆ.
ಬಣ್ಣ ಕಟ್ಟುವ ಕಣಗಳನ್ನು ಅದು ಕೊಲ್ಲುವುದಿಲ್ಲವಂತೆ,
ಕೆಲಸ ನಿಧಾನ ಮಾಡಿ ಅನ್ನುತ್ತದಂತೆ, ಅಷ್ಟೆ.

ಅವ್ವಿ ಹಿತ್ತಲಲ್ಲಿ ನೀಲಿಕಲ್ಲು ತೊಳೆಯುತ್ತಿದ್ದಳು,
ಬೈತಖೋಲದ ಬಂಡೆಯಿಂದ ಕಿತ್ತದ್ದು, ಪಾಚಿ ಇನ್ನೂ ಹಸಿ.
‘ಹುಳಿ ಚುಚ್ಚಿಸ್ಕೊಳ್ಳೂಕೆ ಎಂಟುನೂರಾ?
ಬಿಂಬಲಿ ಬಿದ್ದು ಕೊಳೀತದೆ, ಮುರುಗಲ ಸಿಪ್ಪೆ ಡಬ್ಬ ತುಂಬ ಅದೆ.
ಹುಟ್ಟಿದಾಗಿಂದ ಅದನ್ನೇ ತಿಂದೆ ಅಲ್ದಾ,
ನನ್ನ ವಸಡು ಬೆಳ್ಳಗಾಯ್ತಾ ಮಗಾ?’
ಅಂದವಳೇ ನಕ್ಕಳು, ಬಾಯಿ ಪೂರ್ತಿ ತೆರೆದು.
ಆ ನಗುವಿಗೆ ಮಾರ್ಕೆಟ್ಟಿನಲ್ಲಿ ಬಂಗಡೆಗೆ
ಐದು ರೂಪಾಯಿ ಹೆಚ್ಚು ಸಿಗುತ್ತದೆ.
ಅವಳ ವಸಡಿನ ಬಣ್ಣ
ಬುಟ್ಟಿಯಲ್ಲಿದ್ದ ಚಿಪ್ಪಿನ ಬಣ್ಣ. ಒದ್ದೆ, ಹೊಳೆವ, ಕಪ್ಪನೆ ನೀಲಿ.
ಒಳಗೆ ಕೇಸರಿ ಮಾಂಸ ಇರುವಂಥದ್ದರ ಬಣ್ಣ.
ನನಗದು ಗೊತ್ತಿತ್ತು. ಆದರೂ ಶನಿವಾರ ಹೋದೆ.

ಮೊದಲ ವಾರ ಉರಿ, ಗಾಯಕ್ಕೆ ಲಿಂಬು ಹಿಂಡಿದ ಹಾಗೆ.
ಎರಡನೇ ವಾರ ಏನೂ ಇಲ್ಲ.
ಮೂರನೆಯದಕ್ಕೆ ಡಾಕ್ಟರು
ಹಳೇ ಫೋಟೊ ಹೊಸ ಫೋಟೊ ಪಕ್ಕ ಪಕ್ಕ ಹಿಡಿದರು.
ನಾನು ಕಸುಬಿನವಳು, ಮೊದಲು ಬೆಳಕು ನೋಡಿದೆ:
ಹೊಸದರಲ್ಲಿ ಫ್ಲ್ಯಾಶ್ ಒಂದಿಷ್ಟು ಜಾಸ್ತಿ.
ಆದರೂ ಸುಳ್ಳಲ್ಲ.
ಮೇಲಿನ ಸಾಲಿನಲ್ಲಿ, ಕೋರೆಯಿಂದ ಕೋರೆಗೆ,
ಕಾಳಿ ನದಿ ಕಡಲಿಗೆ ಕೈಕೊಡುವಲ್ಲಿ
ನೀರು ತನ್ನ ಹೆಸರು ಮರೆಯುವಂತೆ
ಏನೋ ತಿಳಿಯಾಗಿತ್ತು.
‘ಮತ್ತೆ ಬರಬಹುದು,’ ಎಂದರು. ‘ವರ್ಷಕ್ಕೋ, ಎರಡಕ್ಕೋ.’
ಕೆಳಗಿನ ಸಾಲು ಮುಂದಿನ ವಾರ.

ಮನೆಗೆ ಬಂದರೆ ಅವ್ವಿ, ‘ಎಲ್ಲಿ, ತೋರ್ಸು.’
ಉಪ್ಪು ಹತ್ತಿದ ಹೆಬ್ಬೆರಳಲ್ಲಿ ನನ್ನ ತುಟಿ ಎತ್ತಿ
ಕಿವಿರು ಎತ್ತಿ ತಾಜಾತನ ನೋಡುವಂತೆ
ಆಚೆ ಈಚೆ ತಿರುಗಿಸಿ, ಬೆಳಕಿಗೆ ಹಿಡಿದು
ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ಬೆಲೆ ಹೇಳಿದಳು:
‘ರಾಣಿಮೀನಿನ ಬಣ್ಣ ಬಂದದೆ.
ಕಿಲೋಕ್ಕೆ ನೂರು. ಅದ್ನೂ ಯಾರೂ ಕೇಳೂದಿಲ್ಲ.’

ನಗು ಒದ್ದುಕೊಂಡು ಬಂತು.
ಅಂಗೈ ಎಂದಿನಂತೆ ಮೇಲೆ ಹೊರಟಿತು,
ಅರ್ಧ ದಾರಿಯಲ್ಲಿ ಅವ್ವಿಯ ಮೊಣಕೈಗೆ ತಾಗಿ
ಅಲ್ಲೇ ನಿಂತಿತು.