ಕೈಗಡದ ನೀರು

ಝರೀನಾ, ನೀ ಹೋಗೋದು ಖರೇ ಇದ್ರ
ಅಮಾಸಿ ದಿನ ಹೋಗು. ಗಂಜ್ ಬಂದ್ ಇರ್ತದ,
ನಮ್ಮ ಕಾಟಾಕೂ ಅವತ್ತೊಂದಿನ ಉಸಿರು.
ಚಿಂಚೋಳಿ ಬಸ್ಸಿನಾಗ ಖಿಡಕಿ ಹಿಡಿ. ತೊಗರಿ ಹೂ ಬಿಟ್ಟಿರ್ತದ,
ಎರಿ ಹೊಲದ ಮ್ಯಾಲ ಯಾರೋ ಅರಿಷಿಣ ಹರವಿದಂಗ.

'ನಮ್ಮ ಜಿಲ್ಲಾದಾಗ ಗುಡ್ಡ ಎಲ್ಲದ ಅಕ್ಕಾ,
ಚೀಲದ ಥಪ್ಪಿ ಬಿಟ್ರ?' ಅಂತ ನಕ್ಕಿದ್ದೆಲ್ಲ,
ಚಿಂಚೋಳಿ ದಾಟಿದ ಮ್ಯಾಲ ಮಣ್ಣು ನೋಡು:
ಕರಿ ಮುಗೀತದ, ಕೆಂಪು ಹತ್ತತದ,
ಒಡಲು ಒಂದು ಬಣ್ಣ, ಸೆರಗು ಒಂದು ಬಣ್ಣ.

ಟಂಟಂ ಖೀರೂ ರಾಠೋಡಂದೇ ಹಿಡಿ. ದರಕ್ಕ ಜಗಳಾಡು,
ಜಗಳಕ್ಕಂತಲೇ ಅವ ಹತ್ತು ರೂಪಾಯಿ ಹೆಚ್ಚಿಗಿ ಹೇಳಿರ್ತಾನ.
ಎಲ್ಲಾರಿಗೂ ಒಡ್ಡಿನ ಮ್ಯಾಲ ಇಳಸ್ತಾನ, 'ಫೋಟೋದ ಜಾಗಾ' ಅಂತಾನ.
ಇಳೀಬ್ಯಾಡ. ಇನ್ನಾ ಮುಂದ ನಡಿ ಅನ್ನು.

ಚಂದ್ರಂಪಳ್ಳಿ ನೀರು ಒಮ್ಮಿಗೇ ಕಾಣಸಂಗಿಲ್ಲ.
ಸಾಗವಾನಿ ಎಲಿ ಸಂದಿಲೆ ಮೊದಲು ಒಂದು ಚಿಲ್ಲರ,
ಆಮ್ಯಾಲ ಎರಡು,
ಆಮ್ಯಾಲ ಯಾರೋ ಉಡಿ ಬಿಚ್ಚಿದಂಗ ಪೂರಾ.
ಆ ತಿರುವಿನಾಗ ಗಾಡಿ ನಿಂದರಸು.
ಅಲ್ಲೇನೂ ಇಲ್ಲ. ಒಂದು ಮೈಲಿಗಲ್ಲು, ಅಕ್ಷರ ಅಳಿಸ್ಯಾವ,
ಊರು ಯಾವದು, ದೂರ ಎಷ್ಟು, ಅದಕ್ಕೂ ಮರ್ತದ.
ನನಗ ಆ ಕಲ್ಲು ಸೇರತದ.

ಅಲ್ಲಿಂದ ಬಲಕ್ಕ, ಸೀತಾಫಲದ ಕಂಟಿ ದಾಟಿ ಒಂದು ಹಾಸುಗಲ್ಲು.
ಮಧ್ಯಾಹ್ನಕ್ಕ ಹಂಚಿನಂಗ ಕಾಯ್ತದ,
ಅದಕ್ಕ ಹನ್ನೊಂದರೊಳಗೇ ಬುತ್ತಿ ಬಿಚ್ಚು.
ಖಡಕ್ ರೊಟ್ಟಿ ಮುರಿದ ಸಪ್ಪಳ ಆ ದಂಡಿಗೆ ಮುಟ್ಟಿ
ಹೊಳ್ಳಿ ಬರ್ತದ, ಅತ್ತಾಗೂ ಯಾರೋ ಉಣ್ಣಾಕ ಕುಂತಂಗ.
ಒಮ್ಮೆ 'ಶೇಂಗಾ ಹಿಂಡಿ ಬೇಕೇನ್ರೀ?' ಅಂತ ಒದರಿದ್ದೆ.
'ಏನ್ರೀ' ಅಂತಷ್ಟೇ ಬಂತು.
ಭಾಳ ಮರ್ಯಾದಿ ಗುಡ್ಡ.

ಎತ್ತಿಪೋತಕ್ಕ ಜನ ಹೋಗ್ತಾರ, ನೀರು ಬೀಳೂದು ನೋಡಾಕ.
ಬೀಳೂದು ನಾವು ದಿನಾ ನೋಡ್ತೀವಿ, ತೊಗರಿ ದರ.
ನಾ ನಿಂತ ನೀರು ನೋಡಾಕ ಹೋಗಾಕಿ.

ಇನ್ನೊಂದು ಜಾಗಾ ಅದ, ಹೇಳಂಗಿಲ್ಲ.
ಸಿಕ್ರ ನಿಂದು.

ಅವ್ವಗ ಕರಕೊಂಡು ಹೋಗಿದ್ದೆ, ಎರಡು ವರ್ಷಾತು.
ಸೇಡಂ ಕಡಿಯಾಕಿ. ಬೋರಿನ ಮುಂದ, ಟ್ಯಾಂಕರಿನ ಹಿಂದ
ಜನ್ಮಪೂರ್ತಿ ಕೊಡ ಸಾಲಿಗಿಟ್ಟ ಕೈ.
ದಂಡ್ಯಾಗ ನಿಂತು ಗುಡ್ಡ ನೋಡಿದ್ಳು, ನೀರು ನೋಡಿದ್ಳು,
ಆಮ್ಯಾಲ ನನ್ನ ಕಡಿ ತಿರಗಿ:
'ನೀ ಕಾಟಾದಾಕಿ. ಎಷ್ಟು ಕೊಡ ಆಗ್ತದ ಹೇಳು.'

ಹದಿನೆಂಟು ವರ್ಷ, ಝರೀನಾ, ಲಾರಿ ಸಮೇತ ತೂಗೀನಿ,
ಬಾರದಾನ ಕಳದು, ಮಣ್ಣು ಕಳದು, ಪಟ್ಟಿ ಬರದೀನಿ.
ನೋಡಿದ್ರ ಸಾಕು, ತೂಕ ಹೇಳ್ತಾಳ ಅಂತ ಹೆಸರದ ನಂದು.
ಬಾಯಿ ಬರಲಿಲ್ಲ.
ಒಂದು ನೀರಕಾಗಿ ಮುಳುಗಿ, ಎಲ್ಲೋ ಎದ್ದು, ಮತ್ತ ಮುಳುಗ್ತು.
ಅವ್ವ ಅಂದ್ಳು: 'ಅದು ಎಣಸಾಕತ್ತದ. ಮುಗಸಲಿ ಬಿಡು.'

ಹೊಂಡಾಗ ಖಾಲಿ ಬಾಟ್ಲಿ ತುಂಬಿಕೊಂಡ್ಳು.
'ಕುಡ್ಯಾಕೇನ?' ಅಲ್ಲಂತ.
'ದೇವ್ರ ಜಗಲಿಗೇನ?' ಅದೂ ಅಲ್ಲ.
'ಕೈಗಡ' ಅಂದ್ಳು. 'ಮನ್ಯಾಗ ಇದ್ರ, ಹೊಳ್ಳಿ ಬರಾಕ ಒಂದು ನೆವ.'

ಖಿಡಕ್ಯಾಗ ಇಟ್ಟೀವಿ. ತಳದಾಗ ಕೆಂಪು ಮಣ್ಣು ಕುಂತದ,
ಕೈ ತಾಕಿದ ದಿನ ಏಳತದ, ಸಂಜಿಗೆ ಮತ್ತ ಕೂಡತದ.
ಈಗ ಅವ್ವನ ಮೊಣಕಾಲು ಬಸ್ಸಿನ ಮೆಟ್ಲಿಗೆ ಒಪ್ಪಂಗಿಲ್ಲ.
ಅದಕ್ಕ ನಿನಗ ಇಷ್ಟು ಹೇಳಿದ್ದು.

ಬಾಟ್ಲಿ ನಿನ್ನ ಚೀಲದಾಗ ಇಟ್ಟೀನಿ. ಮುಚ್ಚಳ ಬಿಗಿ ಅದ.
ಹಾಸುಗಲ್ಲಿನಿಂದ ಹತ್ತು ಹೆಜ್ಜಿ ಕೆಳಗ, ನೀರು ತೆಳ್ಳಗಿದ್ದಲ್ಲಿ
ಸಾವಕಾಶ ಹಾಕು, ಸಪ್ಪಳಾಗದಂಗ,
ಎಣಸೋ ಹಕ್ಕಿಗೆ ಲೆಕ್ಕ ತಪ್ಪಬಾರದು.
ಆಮ್ಯಾಲ
(ಮರೀಬ್ಯಾಡ, ಅವ್ವ ಒತ್ತಿ ಹೇಳ್ಯಾಳ)
ಹೊಳ್ಳಿ ತುಂಬಿಕೊಂಡು ಬಾ.