ಏಳನೆಯ ಸಾಲು

ಹೆಣ್ಣಿಗೆ ಗಂಡಿಗೆ ಜಾತಕ ಕೂಡಿಸುವವರೂ
ಇಷ್ಟು ಬಿಗಿಯಿಲ್ಲ.
ವಯಸ್ಸು ಹದಿನೆಂಟು ದಾಟಿರಬೇಕು, ಎಂಬತ್ತು ಮುಟ್ಟಿರಬಾರದು.
ಪಾರ್ಶ್ವವಾಯು ಬಡಿದ ಗಳಿಗೆ ಗೊತ್ತಿರಬೇಕು,
ಬಡಿಯುವ ಮುನ್ನ ಅಂಗಡಿಗೆ ತಾನೇ ಹೋಗಿ ಬರುತ್ತಿರಬೇಕು.
ರಕ್ತ ತೆಳುವಾಗಿಸುವ ಮಾತ್ರೆ ಕೂಡದು, ಹಳೆಯ ಬಡಿತ ಕೂಡದು,
ಸಹಿಗೊಬ್ಬರು ಹತ್ತಿರದವರು ಬೇಕು.
ಇಷ್ಟೆಲ್ಲ ಸರಿಯಿರುವವನಿಗೆ
ಪಾರ್ಶ್ವವಾಯು ಬಡಿಯುವುದಾದರೂ ಯಾಕೆ
ಎಂದು ರಾತ್ರಿ ಪಾಳಿಯಲ್ಲಿ ನಗುತ್ತೇವೆ,
ಹಲ್ ನಗರದ ಆಸ್ಪತ್ರೆಯ ಹನ್ನೊಂದನೆಯ ಮಹಡಿಯಲ್ಲಿ.

ಬೆಳಗಿನ ಐದೂ ಹತ್ತಕ್ಕೆ ಬಂದವರು ಎನಿಡ್ ಬ್ಲೆಂಕಿನ್.
ಎಂಬತ್ತಾರು. ಹೆಸಲ್ ರಸ್ತೆಯ ಹಿಂದಿನ ಓಣಿ.
ಮೀನು ಸೀಳುವ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ;
ಎಡಗೈ ಹೆಬ್ಬೆರಳ ತುಂಬ ಚೂರಿ ಬರೆದ ಬಿಳಿ ಗೆರೆಗಳು.
ಬಲಗೈ ಹಾಸಿಗೆಯ ಮೇಲೆ ಬಿದ್ದಿತ್ತು,
ಬೇರೆ ಯಾರೋ ಮರೆತುಹೋದ ಕೈಚೀಲದ ಹಾಗೆ.

ಮನೆಯಲ್ಲಿ ಇದ್ದದ್ದು ಒಂದು ಮುದಿ ನಾಯಿ.
ಅದೇ ಬೊಗಳಿ ಬೊಗಳಿ ಎಬ್ಬಿಸಿದ್ದು ಪಕ್ಕದ ಮನೆಯ ಬೊಗ್ದಾನನನ್ನು.
ಅವನು ಆಂಬ್ಯುಲೆನ್ಸಿನಲ್ಲೇ ಬಂದಿದ್ದ, ಮನೆಯ ಚಪ್ಪಲಿಯಲ್ಲಿ.

"ಇವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ?"
ಇದು ಫಾರಂ ಕೇಳುವ ಪ್ರಶ್ನೆ.
ಅವನು ಬಹಳ ಹೊತ್ತು ಯೋಚಿಸಿದ. ಚೆನ್ನಾಗಿ ಅಂದರೆ?
ಗಂಡ ಇದ್ದಾಗ, ಅಂದ.
ಆಮೇಲೆ ತಡವರಿಸಿ,
ನಿನ್ನೆ ರಾತ್ರಿ ಒಂಬತ್ತೂವರೆಗೆ ಕಸದ ತೊಟ್ಟಿ ಎಳೆದು ತಂದು
ಗೇಟಿನ ಹೊರಗೆ ನಿಲ್ಲಿಸಿದರು, ನನ್ನದನ್ನೂ ಜೊತೆಗೆ,
ಒಂದು ಕೈಯಲ್ಲಿ ಊರುಗೋಲು.
ಒಂಬತ್ತೂವರೆ ಎಂದು ಬರೆದುಕೊಂಡೆ.
ಗಂಡನಿಗೆ ಅಲ್ಲಿ ಕಾಲಂ ಇರಲಿಲ್ಲ.

ಸ್ಕ್ಯಾನಿನಲ್ಲಿ ಸತ್ತ ಜಾಗ ಹುಣಸೆ ಬೀಜದಷ್ಟು,
ಸುತ್ತ, ಉಸಿರು ಬಿಗಿಹಿಡಿದು ಕಾಯುತ್ತಿರುವ ಮೆದುಳು
ಅಂಗೈಯಗಲ.
ಡಾಕ್ಟರ್ ಗಿಲ್ರಾಯ್ ಮನೆಯಿಂದ ಫೋನಿನಲ್ಲಿ;
ಹಿಂದೆ ಕೆಟಲ್ ಕುದಿಯುವ ಸದ್ದು.
ಪ್ರಯೋಗಕ್ಕೆ ಬರುತ್ತಾರಾ?
ಇಲ್ಲ. ವಯಸ್ಸು. ಊರುಗೋಲು. ಸಹಿಗೆ ನಾಯಿ.
ಪಟ್ಟಿಯಲ್ಲಿ ಬರೆದಿಡು, ಅಂದರು. ಔಷಧಿ ಕೊಡು.

ಕೊಟ್ಟೆ.
ಎಷ್ಟೋ ಜನ ಒಪ್ಪಿ, ಸಹಿ ಹಾಕಿ,
ಕೆಲವರು ಮೆದುಳಲ್ಲಿ ರಕ್ತ ಸೋರಿ ಸತ್ತು
ನಮಗೆ ಕಲಿಸಿಕೊಟ್ಟ ಔಷಧಿ.
ನಾನು ಓದಿದ ಪುಟಗಳಲ್ಲಿ ಅವರು ಯಾರೂ
ಊರುಗೋಲು ಹಿಡಿದವರಲ್ಲ.
ಎರವಲು ಅಂಗಿ ತೊಡಿಸಿದ ಹಾಗೆ: ತೋಳು ಉದ್ದ,
ಎದೆಗೆ ಬಿಗಿ. ಚಳಿಯಂತೂ ಅಂಗಿಯಳತೆ ಕೇಳುವುದಿಲ್ಲ.
ಸೂಜಿ ಹಿಡಿದ ನನಗೆ ಭಯವಾಗಿತ್ತು.
ಅದನ್ನೆಲ್ಲೂ ಬರೆಯಲಿಲ್ಲ.

ಎಂಟು ಗಂಟೆಗೆ ಚಿತ್ರದ ಹಾಳೆ ಹಿಡಿದು ಕೂತೆ.
ಕೀಲಿ, ಅಂದರು. ಕುರ್ಚಿ. ಕೈಗವಸು.
ಎರಡು ಕಂಬಕ್ಕೆ ಕಟ್ಟಿದ ತೂಗುಹಾಸಿಗೆ,
ಹ್ಯಾಮಕ್ ಅನ್ನಬೇಕು,
ತುಸು ಹೊತ್ತು ನೋಡಿ
ಹ್ಯಾಡಕ್ ಅಂದರು ಎನಿಡ್.
ನಾಲಗೆ ತಪ್ಪಿತೇ? ಅಂಕ ಕಳೆಯಲೇ?
ಜೋತುಬಿದ್ದ ಆ ಬಲೆಯಲ್ಲಿ
ಮೀನಲ್ಲದೆ ಇನ್ನೇನು ಕಾಣಬೇಕಿತ್ತು ಅವರಿಗೆ;
ತೂಗುಹಾಸಿಗೆಯಲ್ಲಿ ಮಲಗುವಷ್ಟು ರಜೆ
ಆ ಓಣಿಯಲ್ಲಿ ಯಾರಿಗೆ ಸಿಕ್ಕಿತ್ತು!
ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ.
ಬಲಗೈಯ ಎರಡು ಬೆರಳು ಆಗ
ಹೊದಿಕೆಯ ಅಂಚು ಹಿಡಿದು ಮೆಲ್ಲಗೆ ಎಳೆಯುತ್ತಿದ್ದವು,
ಮೀನಿನ ಚರ್ಮ ಸುಲಿಯುವ ಹಾಗೆ.

ಹೊರಗಿಟ್ಟವರ ಪಟ್ಟಿ, ಏಳನೆಯ ಸಾಲು: ಸಲ್ಲದು.
ಕಾರಣಕ್ಕೆ ಒಂದೇ ಮನೆ. ವಯಸ್ಸು ಎಂದು ತುಂಬಿದೆ.
ಮೇಲಿನ ಆರು ಸಾಲುಗಳೂ ಈ ವಾರದವೇ;
ಒಳಗೆ ಬಂದವರ ಪಟ್ಟಿಯಲ್ಲಿ ಒಬ್ಬರು.
ಆ ಒಬ್ಬರ ಬಗ್ಗೆ ಲೋಕವೆಲ್ಲ ಓದುತ್ತದೆ.

ಬೊಗ್ದಾನ್ ಎದ್ದು ನಿಂತ.
ಕಸದ ಲಾರಿ ಇಷ್ಟೊತ್ತಿಗೆ ಬಂದು ಹೋಗಿರುತ್ತದೆ,
ತೊಟ್ಟಿ ಎರಡನ್ನೂ ಒಳಗೆ ಎಳೆದಿಡಬೇಕು, ಅಂದ.
ನಾಯಿಗೆ ಏನು ಹಾಕಲಿ ಅಂತ ಅವರನ್ನೇ ಕೇಳಿ ಹೇಳುತ್ತೀರಾ?
ಕೇಳಿದೆ.
ಎನಿಡ್ ಬಾಯಿ ತೆರೆದರು. ನಾವಿಬ್ಬರೂ
ಬಗ್ಗಿ ನಿಂತೆವು.