ಐದು ಪಾಯಿಂಟಿನ ಅಕ್ಷರ

ಮೊದಲು ಹಳದಿಯಿತ್ತು ಆ ಪೊಟ್ಟಣ.
ಸಾಕಿನಾಕಾದ ಈ ಗಾಳಿಯಿಲ್ಲದ ಗಾಲಾದಲ್ಲಿ
ಮೂರು ವರ್ಷ ಅದರ ಮಸಿ ಬೆರೆಸಿದವನು ನಾನೇ.

ಒಂದು ಸೋಮವಾರ ವೋರಾ ಶೇಟರು ಬಂದರು.
ಸ್ಟೂಲು ಎಳೆದುಕೊಂಡು ಕೂತು
"ಸಾಲಿಯಾನ್, ಹಳದಿ ಸಾಕು, ಹಸಿರು ಹಾಕು" ಎಂದರು.
ಮಾಲು ಯಾವುದು ಎಂದೆ.
"ಮಾಲು ಅದೇ. ಸಕ್ಕರೆಯ ಹೆಸರು ಬೇರೆ."

ಹಸಿರೆಂದರೆ ಯಾವ ಹಸಿರು?
ಗಿಳಿಯದೋ, ಪಾಚಿಯದೋ, ಹುಳ ತಿಂದ ಬಸಳೆಯದೋ?
ರುಖ್ಸಾರ್ ಕಂಪ್ಯೂಟರಿನಲ್ಲಿ ಒಂದು ಎಲೆ ಬರೆದಳು.
ಯಾವ ಮರದ್ದಮ್ಮಾ ಎಂದು ಕೇಳಿದೆ.
"ಮರ ಇಲ್ಲ ಅಂಕಲ್, ಬರೀ ಎಲೆ."
ಅದರ ತುದಿಗೆ ಒಂದು ಹನಿ ಇಬ್ಬನಿ ಕೂರಿಸಿದಳು.
ಶೇಟರಿಗೆ ಆ ಹನಿ ತುಂಬ ಹಿಡಿಸಿತು.

ಮುಂದೆ, ನಲವತ್ತೆಂಟು ಪಾಯಿಂಟಿನಲ್ಲಿ
ಸಕ್ಕರೆ ಸೇರಿಸಿಲ್ಲ.
ಹಿಂದೆ, ಅಂಟು ಬಳಿಯುವ ಮಡಿಕೆಯ ಹತ್ತಿರ,
ಐದು ಪಾಯಿಂಟಿನಲ್ಲಿ
ಮೈದಾ, ಪಾಮ್ ಎಣ್ಣೆ, ಖರ್ಜೂರದ ಪಾಕ,
ಮಾಲ್ಟೋಡೆಕ್ಸ್‌ಟ್ರಿನ್.
ಭೂತಗನ್ನಡಿ ಹಿಡಿದು ಪ್ರೂಫ್ ನೋಡಿದೆ.
ಅಕ್ಷರ ತಪ್ಪಿದರೆ ತಿದ್ದುವುದು ನನ್ನ ಕೆಲಸ;
ಮಾತು ತಪ್ಪಿದರೆ, ಅದು ನನ್ನ ಇಲಾಖೆಯಲ್ಲ.
ಕೊನೆಯ ಪದದಲ್ಲಿ ಒಂದು ಅಕ್ಷರ ಬಿದ್ದಿತ್ತು, ಸೇರಿಸಿದೆ.
ಸಹಿ ಹಾಕಿದೆ.
ಎಂಬತ್ತು ಸಾವಿರ ಎಲೆಗಳು ಟೆಂಪೋ ಹತ್ತಿ ಹೋದವು.

ದೀಪಾವಳಿಗೆ ಮೊದಲ ವಾರ, ಭಾಂಡುಪಿನ ಮನೆ.
ಸೊಸೆ ತಂದ ಚೀಲದೊಳಗಿಂದ ಜಲಜ ಹೊರತೆಗೆದಳು
ನನ್ನ ಹಸಿರನ್ನು, ರುಖ್ಸಾರಳ ಇಬ್ಬನಿಯನ್ನು.

ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ ಅವಳಿಗೆ.
ಹಳದಿಯ ಕಾಲದಲ್ಲಿ ಒಂದೇ ಒಂದನ್ನು ಮುರಿದು
ಅರ್ಧ ನನಗೆ ಕೊಟ್ಟು, ಅರ್ಧವನ್ನು
ಕದ್ದವಳಂತೆ ಚಹಾದಲ್ಲಿ ಅದ್ದುತ್ತಿದ್ದಳು.
ಈಗ ಅಂಜಿಕೆಯಿಲ್ಲ. ನಾಲ್ಕು.
ಐದನೆಯದಕ್ಕೆ ಕೈ ಹಾಕಿ
"ಇದು ಒಳ್ಳೆಯದಂತೆ, ನೀವೂ ತಿನ್ನಿ" ಎಂದಳು.
ಎಷ್ಟೋ ದಿನದ ಮೇಲೆ ಆ ಮುಖದಲ್ಲಿ
ಮದುವೆಯೂಟದಲ್ಲಿ ಎರಡನೇ ಸಲ
ಪಾಯಸ ಬಡಿಸಿಕೊಂಡವಳ ಸುಖ.
ಏನು ಹೇಳಲಿ?
ತಿಂದೆ.
ರುಚಿಯಾಗಿಯೇ ಇತ್ತು.

ರಾತ್ರಿ ಬೆರಳು ಚುಚ್ಚಿ ಹಿಂಡಿದಾಗ
ಇನ್ನೊಂದು ಹನಿ.
ಇನ್ನೂರ ಅರವತ್ತೆಂಟು.
"ಯಂತ್ರ ಕೆಟ್ಟಿರಬೇಕು," ಎಂದಳು,
"ಇವತ್ತು ನಾನು ಸಿಹಿ ಮುಟ್ಟಿಯೇ ಇಲ್ಲ."

ಚೀಲದಿಂದ ಭೂತಗನ್ನಡಿ ತೆಗೆದು ಕೊಟ್ಟೆ.
ಟ್ಯೂಬ್‌ಲೈಟಿನ ಕೆಳಗೆ ನಿಂತು
ಗೋಧಿಯಲ್ಲಿ ಕಲ್ಲು ಆರಿಸುವಂತೆ
ಒಂದೊಂದೇ ಅಕ್ಷರ ಆರಿಸಿದಳು.
ಮೈದಾದಲ್ಲಿ ನಿಂತಳು. ಪಾಕದಲ್ಲಿ ನಿಂತಳು.
ಆ ಉದ್ದದ ಹೆಸರನ್ನು ಮೂರು ಸಲ ತಡವರಿಸಿದಳು.
ಆಮೇಲೆ ಕನ್ನಡಿ ಇನ್ನೂ ಕೆಳಗೆ ಜಾರಿ
ಮೂಲೆಯಲ್ಲಿ ನಾಲ್ಕು ಪಾಯಿಂಟಿನಲ್ಲಿ
ನಮ್ಮ ಪ್ರೆಸ್ಸಿನ ಹೆಸರು.

ಬೈಯಲಿಲ್ಲ.
ಪೊಟ್ಟಣದ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು.
"ನಾಳೆಯಿಂದ ಬೆಲ್ಲದ ಅವಲಕ್ಕಿಯೇ ಸಾಕು.
ಅದಕ್ಕೆ ಯಾವ ಪ್ರೆಸ್ಸೂ ಬೇಡ."

ಅಲ್ಲ ಜಲಜಾ,
ನನ್ನಮ್ಮನ ಕಾಲಿನ ಎರಡು ಬೆರಳು ಹೋದಾಗ
ಮನೆಯಲ್ಲಿ ಬಿಸ್ಕತ್ತಿನ ಹೆಸರೂ ಗೊತ್ತಿರಲಿಲ್ಲ.
ಬೆಲ್ಲ ತಂಪು ಎನ್ನುತ್ತಿದ್ದಳು,
ಬೆಲ್ಲ ರಕ್ತಕ್ಕೆ ಒಳ್ಳೆಯದು ಎನ್ನುತ್ತಿದ್ದಳು.
ಬೆಲ್ಲಕ್ಕೆ ಪೊಟ್ಟಣವಿರಲಿಲ್ಲ, ನಿಜ.
ಅದರ ಮೇಲಿನ ಎಲೆಯನ್ನು
ನಾವೇ ಬರೆದುಕೊಂಡಿದ್ದೆವು.

ಇದನ್ನೂ ಅವಳಿಗೆ ಹೇಳಲಿಲ್ಲ. ದೀಪ ಆರಿಸಿದೆ.

ಈಗ ಭೂತಗನ್ನಡಿ ಅವಳದು,
ಉಪ್ಪಿನ ಭರಣಿಯ ಪಕ್ಕ ಇರುತ್ತದೆ.
ತೊಗರಿಬೇಳೆಯ ಚೀಲವನ್ನೂ ಬಿಡದೆ ಓದುತ್ತಾಳೆ,
ಓದಿ, ಏನೂ ಸಿಗದಿದ್ದರೆ
ಸ್ವಲ್ಪ ನಿರಾಸೆಯಾಗುತ್ತದೆ ಅವಳಿಗೆ.

ವೋರಾ ಶೇಟರು ಮತ್ತೆ ಬಂದಿದ್ದಾರೆ.
ಈ ಸಲ ರಾಗಿ ತೆನೆ ಬೇಕಂತೆ, ಮುಖದ ತುಂಬ.
ಒಳಗೆ ರಾಗಿ ಎಷ್ಟು?
"ನೂರಕ್ಕೆ ಮೂರು."
ಹಿಂದಿನ ಅಕ್ಷರ ಆರು ಪಾಯಿಂಟ್ ಮಾಡೋಣವೇ ಎಂದೆ.
"ಜಾಗ ಎಲ್ಲಿದೆ ಸಾಲಿಯಾನ್?"
ತೆನೆ ಸ್ವಲ್ಪ ಸಣ್ಣದಾದರೆ ಜಾಗವಾಗುತ್ತದೆ.
ಶೇಟರು ನಕ್ಕರು, ನಾನು ಚೇಷ್ಟೆ ಮಾಡಿದೆನೆಂದು.
ರುಖ್ಸಾರ್ ನಗಲಿಲ್ಲ.

ಕನ್ನಡಿಯಿಲ್ಲದೆ ಸಹಿ ಹಾಕಿದೆ.
ಎದ್ದು ಹೋಗಿ ಮಸಿಯ ಡಬ್ಬಿ ತೆರೆದೆ.
ಕೆಂಪಿಗೆ ಎಷ್ಟು ಕಪ್ಪು ಸೇರಿದರೆ ರಾಗಿ ಕಾಣುತ್ತದೆ
ಎಂಬುದು ನನ್ನ ಕೈಗೆ ಗೊತ್ತು.